ಸರ್ಕಾರಿ ಹುಂಜಗಳೂ ನೆರೆಹೊರೆಯವರೂ

ಕೋಳಿ ಹಂಚುವ ಕೆಲಸದಲ್ಲಿದ್ದವನ ಬದುಕಿನಲ್ಲಿ ಏನಾದರೂ ಗಂಭೀರವಾದದ್ದು ನಡೆದೀತು ಅಂತ ನಾನು ಬಹಳ ವರ್ಷ ಕಾದೆ. ನಡೆಯಲೇ ಇಲ್ಲ. ಸೈಕಲ್ಲಿನ ಹಿಂದೆ ಕೋಳಿ ತುಂಬಿದ ಬಿದಿರು ಮಂಕರಿ ಕಟ್ಟಿಕೊಂಡು ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಅಂತ ಯಾವ ಕಡೆ ಹೋದರೂ ನಗುವಂಥದ್ದು ಒಂದು ನನಗಿಂತ ಮೊದಲೇ ಅಲ್ಲಿ ಬಂದು ಕೂತಿರುತ್ತಿತ್ತು.

ಐವತ್ತರ ದಶಕದ ಕೊನೆಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ಸರ್ಕಾರಕ್ಕೆ ಒಂದು ಆಸೆಯಿತ್ತು. ಹಳ್ಳಿಯ ನಾಟಿ ಕೋಳಿ ಇಡುವ ಮೊಟ್ಟೆ ಕಡಿಮೆ. ಮನೆಗೊಂದು ಸೀಮೆ ಜಾತಿಯ ಹುಂಜ ಕೊಟ್ಟರೆ ಅದರ ಮರಿಗಳು ದೊಡ್ಡವಾಗಿ ಹೆಚ್ಚು ಮೊಟ್ಟೆ ಇಡುತ್ತವೆ ಅಂತ. ಹಾಗಾಗಿ ನಾನು ಬಿಳಿಯ ಲೆಗ್‌ಹಾರ್ನ್ ಹುಂಜವನ್ನೋ ಕೆಂಪು ಬಣ್ಣದ ರೋಡ್ ಐಲೆಂಡ್ ಹುಂಜವನ್ನೋ ಕೊಟ್ಟು, ಅವರ ಮನೆಯ ನಾಟಿ ಹುಂಜವನ್ನು ಬದಲಿಗೆ ತರಬೇಕು. ಜನ ಬಿಳಿಯದನ್ನು ‘ಲಗಾನ್ ಕೋಳಿ’ ಅಂದರು, ಕೆಂಪಿನದನ್ನು ‘ರೋಡ್ ಕೋಳಿ’ ಅಂದರು, ನನ್ನನ್ನು ‘ಕೋಳಿ ಮೇಷ್ಟ್ರು’ ಅಂದರು. ನಮ್ಮದು ಮೊಟ್ಟೆ ಕೂಡ ಮುಟ್ಟದ ಮನೆ. ಮಗನಿಗೆ ಏನು ಕೆಲಸ ಅಂತ ಯಾರಾದರೂ ಕೇಳಿದರೆ ನಮ್ಮ ತಾಯಿ, “ಸರ್ಕಾರದಲ್ಲಿದಾನೆ. ಬೆಳಗ್ಗೆ ಬೇಗ ಏಳೋ ಕೆಲಸ” ಎಂದಷ್ಟೇ ಹೇಳಿ ಮಾತು ಬೇರೆ ಕಡೆ ತಿರುಗಿಸುತ್ತಿದ್ದರು.

ಕಂಬಳಿ ಹೊದ್ದ ಹುಂಜ

ಮಧುಗಿರಿಯಿಂದ ಆರು ಮೈಲಿ ದೂರದ ಒಂದು ಸಣ್ಣ ಹಳ್ಳಿಯಲ್ಲಿ ಒಬ್ಬ ಅಜ್ಜಿಯಿದ್ದಳು. ಆ ಬೇಸಿಗೆಯಲ್ಲಿ ಬಂದ ರೋಗಕ್ಕೆ ಊರಿನ ಬೇರೆ ಹುಂಜಗಳೆಲ್ಲ ಹೋಗಿ ಅಜ್ಜಿಯದೊಂದೇ ಉಳಿದಿತ್ತು. ಗಡಿಯಾರ ಅಂತ ಇದ್ದದ್ದು ಪಟೇಲರ ಮನೆಯಲ್ಲಿ ಒಂದು, ಅದೂ ಕೆಟ್ಟು ನಿಂತಿತ್ತು. ಹೀಗಾಗಿ ಇಡೀ ಊರು ಏಳುತ್ತಿದ್ದದ್ದು ಅಜ್ಜಿಯ ಹುಂಜ ಕೂಗಿದ ಮೇಲೆ. ಇದೇನೂ ತಿಳಿಯದ ನಾನು ಅದನ್ನೇ ಬದಲಿಗೆ ಕೇಳಿದೆ.

ಅಜ್ಜಿ ನನ್ನ ಬಿಳಿ ಹುಂಜವನ್ನು ಒಂದು ಸುತ್ತು ಬಂದು ನೋಡಿದಳು.

“ಇದ್ಯಾವ ದೇಸದ್ದು ಸ್ವಾಮಿ?”

“ಇಟಲಿ ಕಡೇದು ಅಜ್ಜಿ.”

“ಅಂಗಾರೆ ನಮ್ ಯಾಟೆ ಕೋಳಿಗಳ್ಗೆ ಇದ್ರ ಮಾತು ಹೆಂಗೆ ತಿಳೀತದೆ?”

“ತಿಳಿಯತ್ತೆ ಅಜ್ಜಿ. ಆ ವಿಷಯಕ್ಕೆ ಮಾತು ಬೇಕಾಗಲ್ಲ.”

ಸುತ್ತ ನಿಂತಿದ್ದ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡರು. ಅಜ್ಜಿಯೂ ನಕ್ಕು ಹುಂಜ ಬದಲಾಯಿಸಿಕೊಂಡಳು.

ಮೂರು ವಾರದ ಮೇಲೆ ಆ ಊರಿನ ಪಟೇಲರು ಬಿಸಿಲಿನಲ್ಲಿ ನಡೆದು ನನ್ನ ಆಫೀಸಿಗೆ ಬಂದರು. ಮಗನಿಗೆ ಹೆಣ್ಣು ನೋಡಲು ಎಂಟು ಜನ ಮೊದಲನೆಯ ಬಸ್ಸಿಗೆ ಹೊರಡಬೇಕಿತ್ತಂತೆ. ಎಂಟು ಜನವೂ ಮಲಗಿಯೇ ಇದ್ದರಂತೆ. ಹೆಣ್ಣಿನ ಮನೆಯವರು ಉಪ್ಪಿಟ್ಟು, ಕೇಸರಿಬಾತು ಮಾಡಿಟ್ಟುಕೊಂಡು ಸಂಜೆಯ ತನಕ ಬಾಗಿಲು ನೋಡಿದರಂತೆ.

“ಏನ್ ಮೇಷ್ಟ್ರೇ, ನಮ್ಮೂರ್ಗೆ ಬೆಳಗಾಗೋದ್ನೇ ನಿಲ್ಲಿಸ್ಬುಟ್ರಲ್ಲ!” ಅಂದರು.

ಸಂಬಂಧ ಮಾರನೆಯ ವಾರ ಕುದುರಿತು, ಅದು ಬೇರೆ ಮಾತು. ಅವತ್ತು ಮಾತ್ರ ನಾನು ಅವರ ಹಿಂದೆಯೇ ಸೈಕಲ್ ಹತ್ತಿ ಅಜ್ಜಿಯ ಮನೆಗೆ ಹೋದೆ. ಹಿತ್ತಲಲ್ಲಿ ಮಂಕರಿ, ಮಂಕರಿಯ ಪಕ್ಕ ಮಡಿಸಿಟ್ಟ ದಪ್ಪ ಕರಿ ಕಂಬಳಿ.

“ಕಂಬಳಿ ಯಾಕಜ್ಜಿ?”

“ದೂರದಿಂದ ಬಂದೈತೆ, ಚಳಿಯಾಗ್ಬಾರ್ದು ಅಂತ ಸಂಜೆ ಮುಚ್ತೀನಿ.”

ನನಗೆ ವಿಷಯ ಹೊಳೆಯಿತು. ಕಂಬಳಿಯೊಳಗೆ ಬೆಳಕಿಲ್ಲ, ಹುಂಜಕ್ಕೆ ಬೆಳಗಾದದ್ದೇ ತಿಳಿಯುವುದಿಲ್ಲ. “ಬೆಳಗ್ಗೆ ಎಷ್ಟು ಹೊತ್ತಿಗೆ ಕಂಬಳಿ ತೆಗೀತೀಯ?” ಎಂದು ಕೇಳಿದೆ.

“ಅದು ಕೂಗಿದ್ ಮ್ಯಾಕೆ. ಏಳ್ದೆ ಇರೋರ್ ಹೊದಿಕೆ ಎಳೀಬಾರ್ದಲ್ವಾ?”

“ಅದು ಕೂಗೋದು ಎಷ್ಟು ಹೊತ್ತಿಗೆ?”

“ಹತ್ತು ಗಂಟೆ ಬಸ್ಸು ಬರೋ ಹೊತ್ಗೆ ಸ್ವಾಮಿ” ಎಂದಳು ಅಜ್ಜಿ, ಏನೂ ಬೇಜಾರಿಲ್ಲದೆ. “ಸರ್ಕಾರದ್ ಹುಂಜ ಅಲ್ವಾ, ಆಪೀಸ್ ತೆಗೆಯೋ ಹೊತ್ಗೆ ಏಳ್ತದೆ ಅನ್ಕಂಡಿದ್ದೆ.”

ಹುಂಜ ಬೇಡದ ಮನೆ

ಕೊರಟಗೆರೆಯಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ಟರಿದ್ದರು. ಡಾಕ್ಟರು ದಿನಕ್ಕೊಂದು ಮೊಟ್ಟೆ ತಿನ್ನಲು ಹೇಳಿದ್ದರಿಂದ ಕೋಳಿ ಸಾಕುವ ಮನಸ್ಸು ಮಾಡಿದ್ದರು. ಆದರೆ ಸದ್ದು ಅವರಿಗೆ ಆಗದು. ಮೂವತ್ತು ವರ್ಷ ಮಕ್ಕಳಿಗೆ “ಸದ್ದು!” ಎಂದು ಗದರಿಸಿ ಗದರಿಸಿ, ಆ ಗದರಿಕೆಯೇ ಮೈಗೆ ಅಂಟಿಕೊಂಡಿತ್ತು. ಮನೆಯಲ್ಲಿ ಅವರ ಹೆಂಡತಿ ಪಾತ್ರೆ ಇಟ್ಟರೂ “ಸದ್ದು!” ಎನ್ನುತ್ತಿದ್ದರು.

ನನ್ನನ್ನು ಕರೆಸಿ, ಕನ್ನಡಕ ಏರಿಸಿಕೊಂಡು ಕೇಳಿದರು: “ನಿಮ್ಮಲ್ಲಿ ಎಷ್ಟು ಜಾತಿ ಇದೆ?”

“ಸದ್ಯಕ್ಕೆ ಎರಡು ಸಾರ್. ಬಿಳಿ ಜಾತಿ ಹೆಚ್ಚು ಮೊಟ್ಟೆ ಇಡತ್ತೆ, ಆದರೆ ಬೇಗ ಬೆದರತ್ತೆ. ಕೆಂಪು ಜಾತಿ ಸಾಧು.”

“ಅದೆಲ್ಲ ಇರಲಿ. ಕೂಗದ ಜಾತಿಯ ಹುಂಜ ಯಾವುದು?”

“ಅಂಥದ್ದು ಇಲ್ಲ ಸಾರ್. ನಿಮಗೆ ಬರೀ ಮೊಟ್ಟೆ ಸಾಕು ಅನ್ನೋದಾದರೆ ಹುಂಜವೇ ಬೇಡ. ಮೂರು ಹೇಂಟೆ ಸಾಕಿ.”

ಹೆಡ್‌ಮಾಸ್ಟರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಹುಂಜ ಇಲ್ಲದೆ ಮೊಟ್ಟೆ ಇಡುತ್ತವೆಯೇ?”

“ಇಡುತ್ತವೆ ಸಾರ್. ಮರಿಯಾಗಲ್ಲ ಅಷ್ಟೆ. ತಿನ್ನೋಕೇನೂ ತೊಂದರೆಯಿಲ್ಲ.”

“ನೋಡಿ, ನಮ್ಮದು ಮರ್ಯಾದಸ್ಥರ ಬೀದಿ” ಎಂದರು. ಅದು ಪ್ರಕೃತಿಯ ನಿಯಮ, ಮರ್ಯಾದೆಗೆ ಏನೂ ಆಗುವುದಿಲ್ಲ ಎಂದು ಅವರಿಗೆ ಮನವರಿಕೆ ಮಾಡಿಕೊಡಲು ನನಗೆ ಎರಡು ಲೋಟ ಕಾಫಿಯ ಹೊತ್ತು ಹಿಡಿಯಿತು. ಕೊನೆಗೆ ಒಪ್ಪಿದರು. ಮೂರು ಬಿಳಿ ಹೇಂಟೆ ತಂದುಕೊಟ್ಟೆ.

ಹದಿನೈದು ದಿನದಲ್ಲಿ ಮತ್ತೆ ಹೇಳಿಕಳಿಸಿದರು. ಹೋದರೆ, ಜಗಲಿಯ ಮೇಲೆ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದಾರೆ.

“ಏನ್ರೀ ನೀವು ಹೇಳಿದ್ದು? ಹುಂಜವಾಗಿದ್ದರೆ ಬೆಳಗ್ಗೆ ಕೂಗಿ ಸುಮ್ಮನಾಗುತ್ತಿತ್ತು. ಇವು ಒಂದೊಂದೂ ಮೊಟ್ಟೆ ಇಟ್ಟು ಕಾಲು ಗಂಟೆ ಕೊಕ್ಕೊಕ್ಕೋ ಅಂತ ಬೀದಿಗೆಲ್ಲ ಸಾರುತ್ತವೆ. ಒಂದು ಸಾರಿದರೆ ಉಳಿದೆರಡು ದನಿಗೂಡಿಸುತ್ತವೆ. ಒಯ್ಯಿರಿ ಇವನ್ನ!”

ನಾನು ಮಂಕರಿ ಬಿಚ್ಚಲು ಬಗ್ಗಿದೆ. ಅಷ್ಟರಲ್ಲಿ ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಮದುವೆಯಾದಂದಿನಿಂದ ಗಂಡನಿಗೆ ಎದುರಾಡದ ಹೆಂಗಸು ಅಂತ ಊರೆಲ್ಲ ಹೇಳುತ್ತಿತ್ತು.

“ಕೋಳಿ ಇಲ್ಲೇ ಇರಲಿ ಮೇಷ್ಟ್ರೇ” ಎಂದರು. ಆಮೇಲೆ ಗಂಡನ ಕಡೆ ತಿರುಗಿದರು. “ಐದು ಹೆತ್ತೆ ನಾನು, ಒಂದು ಸಲಕ್ಕಾದರೂ ನನಗೆ ಬಾಯಿ ಬಿಡೋಕೆ ಬಿಟ್ಟಿರಾ? ಅವಾದರೂ ಹೆತ್ತದ್ದನ್ನ ಊರಿಗೆ ಹೇಳಿಕೊಳ್ಳಲಿ.”

ಹೆಡ್‌ಮಾಸ್ಟರು ಮೆಲ್ಲಗೆ ಒಂದು ಕಿವಿಯ ಹತ್ತಿ ತೆಗೆದು, “ಏನಂದಳು?” ಎಂದು ನನ್ನನ್ನು ಕೇಳಿದರು. ನಾನು, “ಕೋಳಿ ಸಾಧು ಅಂದರು ಸಾರ್” ಎಂದು ಹೇಳಿ ಸೈಕಲ್ ಹತ್ತಿದೆ.

ಶಿರಾದ ಅಹವಾಲು

ಶಿರಾ ಪೇಟೆಯಿಂದ ಒಂದು ಅಹವಾಲು ಬಂತು. ಪಕ್ಕದ ಮನೆಯ ದರ್ಜಿ ಸಾಕಿರುವ ಕೆಂಪು ಹುಂಜದ ಕೂಗಾಟದಿಂದ ನೆಮ್ಮದಿ ಇಲ್ಲದಾಗಿದೆ, ಕ್ರಮ ಕೈಗೊಳ್ಳಬೇಕು ಅಂತ. ಹುಂಜ ಕೊಟ್ಟವನು ನಾನೇ ಆದ್ದರಿಂದ ಸ್ಥಳಕ್ಕೆ ಹೋಗಿ, ಕೂಗನ್ನು ಖುದ್ದಾಗಿ ಕೇಳಿ, ವರದಿ ಕೊಡಬೇಕು ಎಂದು ನಮ್ಮ ಮೇಲಿನವರು ಬರೆದರು. ವರದಿ ವಿರುದ್ಧವಾಗಿ ಹೋದರೆ ದರ್ಜಿಯ ಹುಂಜ ಹೋಗುತ್ತದೆ. ನನ್ನ ಹೆಸರೂ ಕೆಡುತ್ತದೆ.

ಬೀದಿ ಹುಡುಕಿಕೊಂಡು ಹೋದೆ. ಅಹವಾಲು ಕೊಟ್ಟವರು ಅರವತ್ತು ದಾಟಿದ ಸಾಹೇಬರು, ಬಿಳಿ ಗಡ್ಡ, ಹಸನ್ಮುಖ. ಅವರ ಕಸುಬು, ಕಡಲೆಕಾಯಿ ಎಣ್ಣೆಗೆ ತಗಡಿನ ಡಬ್ಬ ಮಾಡುವುದು. ನಾನು ಹೋದಾಗ ಮನೆ ಮುಂದಿನ ಅಂಗಡಿಯಲ್ಲಿ ಕೂತು ಕೊಡತಿಯಿಂದ ತಗಡು ಬಡಿಯುತ್ತಿದ್ದರು. ನಾನು ನನ್ನ ಹೆಸರು ಹೇಳಿದ್ದು ನನಗೇ ಕೇಳಿಸಲಿಲ್ಲ.

ಕೊಡತಿ ನಿಲ್ಲಿಸಿ, “ಆವೋ ಸಾಬ್, ಕೂತ್ಕೊಳ್ಳಿ. ಈ ಹುಂಜದಿಂದ ತಲೆ ಖರಾಬಾಗಿ ಹೋಗಿದೆ” ಎಂದು ಚಾ ತರಿಸಿದರು. ಮಧ್ಯಾಹ್ನ ಊಟ ಮಾಡಿ ಕಣ್ಣು ಮುಚ್ಚಿದರೆ ಸಾಕು, ಆ ಸೈತಾನ ಗೋಡೆ ಹತ್ತಿ ಕೂಗುತ್ತದಂತೆ. ಬೇಕಂತಲೇ ಕೂಗುತ್ತದಂತೆ.

ದರ್ಜಿ ಸೂಜಿ ಹಿಡಿದುಕೊಂಡೇ ಎದ್ದು ಬಂದ. “ಬೇಕಂತ ಏನಿಲ್ಲ ಸಾರ್. ಅದು ಬೆಳಗಿನಿಂದ ಕೂಗ್ತಾನೇ ಇರತ್ತೆ. ಇವರು ಬಡಿಯೋದು ನಿಲ್ಲಿಸಿದಾಗ ಇವರಿಗೆ ಕೇಳಿಸತ್ತೆ ಅಷ್ಟೆ.”

“ನೀನು ಸುಮ್ನಿರಪ್ಪ. ಸರ್ಕಾರದವರು ಕೂತು ಕೇಳ್ತಾರೆ” ಎಂದು ಸಾಹೇಬರು ಮತ್ತೆ ಕೊಡತಿ ಎತ್ತಿದರು. ಮರುದಿನದ ಸಂತೆಗೆ ಡಬ್ಬ ಕೊಡಬೇಕಿತ್ತು, ಕೆಲಸ ನಿಲ್ಲಿಸುವಂತಿರಲಿಲ್ಲ.

ನಾನು ಎರಡು ಅಂಗಡಿಯ ನಡುವೆ ಸ್ಟೂಲು ಹಾಕಿಕೊಂಡು, ಪುಸ್ತಕ ಪೆನ್ಸಿಲು ಹಿಡಿದು ಕೂತೆ. ಹುಂಜ ಗೋಡೆ ಹತ್ತಿತು. ರೆಕ್ಕೆ ಬಡಿಯಿತು. ಕತ್ತು ನಿಗುರಿಸಿ, ಕಣ್ಣು ಮುಚ್ಚಿ, ಬಾಯಿ ಅಗಲವಾಗಿ ತೆರೆಯಿತು. ನನಗೆ ಕೇಳಿಸಿದ್ದು ಢಣ್ ಢಣ್ ಢಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕತ್ತು ನಿಗುರಿಸಿತು. ಢಣ್ ಢಣ್ ಢಣ್. ಪಾಪ, ಒಂದು ಹಂತದಲ್ಲಿ ಅದು ಸಾಹೇಬರ ಕಡೆ ತಿರುಗಿ, ಒಂದು ಕಣ್ಣಿನಿಂದ ಅವರನ್ನು ಬಹಳ ಹೊತ್ತು ನೋಡಿತು. ಅಹವಾಲು ಬರೆಯಲು ಬರುತ್ತಿದ್ದರೆ ಅದೇ ಮೊದಲು ಬರೆಯುತ್ತಿತ್ತು.

ಒಂದು ಗಂಟೆ ಹೊತ್ತು ಕೂತು ಎದ್ದೆ. ಅವರ ಚಾ ಕುಡಿದಿದ್ದೆನಲ್ಲ, ವರದಿಯನ್ನು ಅವರಿಗೇ ಮೊದಲು, ಬಡಿತಕ್ಕಿಂತ ಮೇಲೆ ದನಿಯೆತ್ತಿ ಓದಿ ಹೇಳಿದೆ:

“ಸ್ಥಳಕ್ಕೆ ಖುದ್ದಾಗಿ ಭೇಟಿ ಕೊಟ್ಟು ಪರಿಶೀಲಿಸಲಾಯಿತು. ಸದರಿ ಹುಂಜವು ಏಳು ಸಲ ಕೂಗಿದ್ದು ಕಂಡುಬಂದಿರುತ್ತದೆ. ಒಂದು ಸಲವೂ ಕೇಳಿಬಂದಿರುವುದಿಲ್ಲ.”

 ಸಾಹೇಬರು ಕೊಡತಿ ಕೆಳಗಿಟ್ಟು, ಗಡ್ಡ ಅಲ್ಲಾಡುವ ಹಾಗೆ ನಕ್ಕರು. ದರ್ಜಿ ನಕ್ಕ. ಬಡಿತ ನಿಂತಿತ್ತಲ್ಲ, ಗೋಡೆಯ ಮೇಲಿನ ಹುಂಜ ಅವಕಾಶ ಬಿಡದೆ ಗಂಟಲು ಹರಿಯುವ ಹಾಗೆ ಕೂಗಿತು.

“ಅರೆ, ಇದನ್ನ ಬರ್ಕೋಬೇಡಿ ಸಾಬ್!” ಎಂದರು ಸಾಹೇಬರು, ಕಣ್ಣೊರೆಸಿಕೊಳ್ಳುತ್ತ. “ಅವನದೂ ಕಸುಬು. ಮಾಡ್ಕೊಳ್ಲಿ ಬಿಡಿ.”

ಎರಡು ಬಣ್ಣದ ಮೊಟ್ಟೆ

ಶಿರಾ ಕಡೆಯದೇ ಒಂದು ಹಳ್ಳಿ. ಒಂದೇ ಹಿತ್ತಲು, ಎರಡು ಕೋಳಿ. ಅತ್ತೆಯದು ಕರಿ ನಾಟಿ ಹೇಂಟೆ, ಸೊಸೆಯದು ನಾನು ಕೊಟ್ಟ ಬಿಳಿ ಹೇಂಟೆ. ನಾಟಿಯದು ತುಸು ಕಂದು ಬಣ್ಣದ ಸಣ್ಣ ಮೊಟ್ಟೆ. ಬಿಳಿಯದು ದೊಡ್ಡ ಬಿಳಿ ಮೊಟ್ಟೆ.

ನಾನು ಹೋದ ದಿನ ಇಬ್ಬರೂ ಬಾಗಿಲಲ್ಲೇ ಹಿಡಿದುಕೊಂಡರು. ಸೀಮೆ ಮೊಟ್ಟೆಗೆ ರುಚಿಯಿಲ್ಲ, ಸುಣ್ಣದ ನೀರು ಕುಡಿದ ಹಾಗೆ ಅಂತ ಅತ್ತೆ. ನಾಟಿ ಮೊಟ್ಟೆ ಬಾಯಿಗಿಟ್ಟರೆ ಹಲ್ಲಿನ ಸಂದಿಗೂ ಸಾಲದು ಅಂತ ಸೊಸೆ. ಜಗಳ ಶುರುವಾಗಿ ಎಂಟು ದಿನ ಆಗಿತ್ತು. ಒಲೆಯೇ ಎರಡಾಗುವ ಮಾತು ನಡೆದಿತ್ತು.

“ಕೋಳಿ ಮೇಷ್ಟ್ರು ಬಂದವ್ರೆ, ಅವ್ರೇ ತಿಂದು ಹೇಳ್ಲಿ” ಎಂದಳು ಅತ್ತೆ. ನೋಡುನೋಡುತ್ತಲೇ ಎರಡು ತಟ್ಟೆಯಲ್ಲಿ ಎರಡು ಬೇಯಿಸಿದ ಮೊಟ್ಟೆ ನನ್ನ ಮುಂದೆ ಬಂದವು.

ಹುಟ್ಟಿದಾರಭ್ಯ ಮೊಟ್ಟೆ ಬಾಯಿಗಿಟ್ಟವನಲ್ಲ ನಾನು. ಹಾಗಂತ ಹೇಳಿದರೆ, ಮೊಟ್ಟೆಯ ಗುಣವನ್ನು ಹಳ್ಳಿ ಹಳ್ಳಿಗೂ ಸಾರುವ ನನ್ನ ಮಾತನ್ನು ಯಾರು ನಂಬುತ್ತಾರೆ? 

ಮೂಲೆಯಲ್ಲಿ ಮನೆಯ ಯಜಮಾನ ಹಗ್ಗ ಹೊಸೆಯುತ್ತ ಕೂತಿದ್ದ. ಒಬ್ಬಳಿಗೆ ಗಂಡ, ಇನ್ನೊಬ್ಬಳಿಗೆ ಮಾವ. ಎಂಟು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದವನು.

“ನಾನು ಹೊರಗಿನವನು” ಎಂದೆ. “ದಿನಾ ಎರಡನ್ನೂ ತಿನ್ನೋರು ಯಜಮಾನರು. ಅವರು ಹೇಳೋದೇ ನ್ಯಾಯ.”

ಯಜಮಾನ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಬೇರೆ ದಾರಿಯಿಲ್ಲದೆ ಬಂದು ಕೂತ. ಕಂದು ಮೊಟ್ಟೆ ತಿಂದ. ಅತ್ತೆ ಉಸಿರು ಬಿಗಿಹಿಡಿದಳು. ಬಿಳಿ ಮೊಟ್ಟೆ ತಿಂದ. ಸೊಸೆ ಉಸಿರು ಬಿಗಿಹಿಡಿದಳು. ಅವನು ನೀರು ಕುಡಿದು, ಬಹಳ ಯೋಚನೆ ಮಾಡಿ, ಯಾರಿಗೂ ನೋವಾಗದಂಥ ತೀರ್ಪು ಕೊಟ್ಟ:

“ಎರಡೂ ಚೆನ್ನಾಗವೆ. ಬೇಯ್ಸಿರೋದೇ ಸರಿಯಾಗಿಲ್ಲ.”

ಅತ್ತೆ ಸೊಸೆ ಇಬ್ಬರೂ ಸೊಂಟಕ್ಕೆ ಸೆರಗು ಸಿಕ್ಕಿಸಿ ಒಟ್ಟಿಗೆ ಅವನ ಮೇಲೆ ತಿರುಗಿದರು. ಆ ದಿನದಿಂದ ಆ ಮನೆಯಲ್ಲಿ ಅವರಿಬ್ಬರೂ ಒಂದು ಕಡೆ. ಒಲೆ ಒಂದೇ ಉಳಿಯಿತು.

ಪಾವಗಡದ ಪಂದ್ಯ

ಪಾವಗಡದ ಕಡೆ ಮಾತಿನಲ್ಲಿ ಅರ್ಧ ತೆಲುಗು, ಕೋಳಿ ವಿಷಯಕ್ಕೆ ಬಂದರೆ ಪೂರ್ತಿ ತೆಲುಗು. ಅಲ್ಲಿ ಹುಂಜ ಅಂದರೆ ಮೊಟ್ಟೆಯ ಲೆಕ್ಕವಲ್ಲ, ಪಂದ್ಯದ ಮಾತು. ಕಾದಾಡುವ ಜಾತಿಯ, ಉದ್ದ ಕಾಲಿನ, ಕೆಕ್ಕರಿಸಿ ನೋಡುವ ಹುಂಜಗಳನ್ನು ಮಕ್ಕಳಿಗಿಂತ ಹೆಚ್ಚಾಗಿ ಸಾಕುತ್ತಿದ್ದರು.

ವೈ.ಎನ್. ಹೊಸಕೋಟೆ ಹತ್ತಿರ ಒಬ್ಬ ಕಡಲೆಕಾಯಿ ಬೆಳೆಯುವ ರೈತನಿಗೆ ಕೆಂಪು ಹುಂಜ ಕೊಟ್ಟೆ. ಅದರ ದಪ್ಪ ಎದೆ, ಗಟ್ಟಿ ಕಾಲು ನೋಡಿ ಅವನ ಕಣ್ಣು ಅರಳಿತು. “ಚಾಲಾ ಬಾಗುಂದಿ ಸಾರೂ! ಬಲೇ ಆಳು ಇದು!” ಎಂದ.

“ಇದು ಮೊಟ್ಟೆ ಜಾತಿ ಅಣ್ಣಾ, ಪಂದ್ಯಕ್ಕಲ್ಲ. ಸ್ವಭಾವ ಬಹಳ ಸಾಧು” ಎಂದು ಎರಡು ಸಲ ಹೇಳಿದೆ. ಅವನು ತಲೆಯಾಡಿಸಿದ ರೀತಿಯಲ್ಲೇ ನನಗೆ ಅನುಮಾನ ಬಂತು. ಹುಂಜಕ್ಕೆ ಏನಾದರೂ ಆದರೆ ಉತ್ತರ ಹೇಳಬೇಕಾದವನು ನಾನು.

ತಿಂಗಳಾದ ಮೇಲೆ ಹೋದೆ. ಹುಂಜ ಜುಟ್ಟು, ರೆಕ್ಕೆ ಎಲ್ಲ ಸರಿಯಾಗಿಟ್ಟುಕೊಂಡು ಅಂಗಳದಲ್ಲಿ ಮೇಯುತ್ತಿತ್ತು. ಜೀವ ಬಂತು. ಆದರೆ ರೈತನ ಮುಖ ಸಪ್ಪಗಿತ್ತು.

“ಪಂದ್ಯಕ್ಕೆ ಬಿಟ್ಟಿದ್ದೆಯಾ?”

“ಬಿಟ್ಟಿದ್ದೆ ಸಾರೂ, ಸುಳ್ಳು ಯಾಕೆ ಹೇಳ್ಲಿ. ಮೂರೂರಿನ ಜನ ಸೇರಿದ್ರು. ಎದುರ್ಗಡೆದು ಕರೀದು, ನಾಲ್ಕು ಪಂದ್ಯ ಗೆದ್ದಿರೋದು. ಅದನ್ನ ಬಿಟ್ಟ ತಕ್ಷಣ ಕತ್ತಿನ ಪುಕ್ಕ ಕೆದರ್ಕೊಂಡು ಹಾರಿ ಬಂತು.”

“ಆಮೇಲೆ?”

“ನಮ್ದು ತಲೆ ಎತ್ತಿ ನೋಡ್ತು. ಹೋಗಿ ನೆಳ್ಳಾಗೆ ಕೂತ್ಕೊಂತು.”

“ಕರೀದು?”

“ಅದು ಹತ್ರ ಹೋಗಿ ಎಗರ್ತು. ಇದು ಅಲ್ಲಾಡ್ಲಿಲ್ಲ. ಕಾಲಲ್ಲಿ ಮಣ್ಣು ಕೆದರಿ ಒಂದು ಕಡಲೆಬೀಜ ತೆಗೆದು, ಕೊ ಕೊ ಕೊ ಅಂತ ಅದನ್ನೇ ಕರೀತು ಸಾರೂ, ತಿನ್ನು ಬಾ ಅಂತ! ಕರೀದಕ್ಕೆ ಇಂಗೆ ಯಾರೂ ಮಾಡಿರ್ಲಿಲ್ಲ ಅನ್ಸತ್ತೆ. ಅದು ಇದನ್ನ ನೋಡ್ತು, ಬೀಜ ನೋಡ್ತು, ನಮ್ಮನ್ನ ನೋಡ್ತು. ಬೀಜ ತಿಂದು ಅದೂ ಪಕ್ಕದಾಗೆ ಕೂತ್ಕೊಂತು. ನೀರು ಚೆಲ್ಲಿದ್ರೂ ಏಳ್ಲಿಲ್ಲ. ಜನ ಎದ್ದು ಮನೆಗೆ ಹೋದ್ರು.”

ನನಗೆ ನಗು ತಡೆಯಲಾಗಲಿಲ್ಲ. “ಕರಿ ಹುಂಜದವರು ಏನಂದರು?”

“ಏಮಂಟಾರು ಸಾರೂ?” ಎಂದು ರೈತ ನಿಟ್ಟುಸಿರು ಬಿಟ್ಟ. “ಅವತ್ತಿಂದ ಅದು ಯಾರ ಮೇಲೂ ಬೀಳಲ್ವಂತೆ. ಮೊಟ್ಟೆ ಜಾತಿಯೋರ ಸಹವಾಸ ಮಾಡ್ಸಿ ನಮ್ ಹುಂಜಾನ ಕೆಡಿಸ್ಬಿಟ್ರಿ ಅಂತ ದಿನಾ ಬಂದು ಬೈತಾರೆ.”

ಬೆಳಗಿನ ಸಾಧಕ

ಊರವರ ಕಥೆ ಹೇಳಿದವನು ನನ್ನದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ.

ಮಧುಗಿರಿಯಲ್ಲಿ ನಮಗೆ ಬಾಡಿಗೆ ಮನೆ ಸಿಗುವುದು ಕಷ್ಟವಾಗಿತ್ತು. ನನ್ನ ಕೆಲಸ ಏನೆಂದು ತಿಳಿದ ಕೂಡಲೇ, ಸಸ್ಯಾಹಾರಿಗಳ ಬೀದಿಯಲ್ಲಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೊನೆಗೆ ಒಬ್ಬರು ಪಿಟೀಲು ಮೇಷ್ಟ್ರು ತಮ್ಮ ಮನೆಯ ಹಿಂದಿನ ಭಾಗ ಕೊಟ್ಟರು. ಮುಂದಿನ ಭಾಗದಲ್ಲಿ ಅವರು. ಬಹಳ ಮಡಿವಂತರು, ಮಿತಭಾಷಿ, ಮುಖದಲ್ಲಿ ನಗೆಯೆಂಬುದನ್ನು ಯಾರೂ ಕಂಡಿರಲಿಲ್ಲ. ಅವರದು ಒಂದೇ ಷರತ್ತು: “ಕೋಳಿ, ಮೊಟ್ಟೆ ಯಾವುದೂ ಹೊಸಿಲು ದಾಟಿ ಒಳಗೆ ಬರಕೂಡದು.” ನಾನು ಒಪ್ಪಿದೆ. ನನ್ನ ಹೆಂಡತಿಗೆ ಆಗ ಏಳು ತಿಂಗಳು. ಇನ್ನೊಂದು ಮನೆ ಹುಡುಕುವ ಶಕ್ತಿ ಇಬ್ಬರಿಗೂ ಇರಲಿಲ್ಲ.

ಎರಡು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೊಂದು ಸಂಜೆ, ಒಂದು ಹಳ್ಳಿಗೆ ಕೊಡಬೇಕಾದ ಕೆಂಪು ಹುಂಜ ನನ್ನ ಕೈಯಲ್ಲೇ ಉಳಿಯಿತು. ಆ ಮನೆಯವರು ಮದುವೆಗೆ ಹೋಗಿದ್ದರು, ಬರುವುದು ವಾರದ ಮೇಲೆ. ಆಫೀಸಿನ ಕೊಠಡಿಗೆ ಸುಣ್ಣ ಬಳಿಯುತ್ತಿದ್ದರು. ಮಂಕರಿಯ ಮೇಲೆ ಟವೆಲ್ಲು ಹೊದಿಸಿ, ಹಿತ್ತಲ ಬಾಗಿಲಿನಿಂದ ತಂದು, ಸೌದೆ ಕೋಣೆಯಲ್ಲಿಟ್ಟೆ.

“ಕೂಗಿದರೆ?” ಎಂದಳು ನನ್ನ ಹೆಂಡತಿ.

“ನಾನು ತರಬೇತಿ ಪಡೆದವನು. ಇದು ಸಾಧು ಜಾತಿ, ಹೊಸ ಜಾಗದಲ್ಲಿ ನಾಲ್ಕು ದಿನ ಬಾಯಿ ಬಿಡಲ್ಲ” ಎಂದೆ.

ಬೆಳಗಿನ ಜಾವ ಮೇಷ್ಟ್ರು ಪಿಟೀಲು ಶ್ರುತಿ ಮಾಡಲು ಕಮಾನು ಎಳೆದದ್ದೇ ತಡ, ಸೌದೆ ಕೋಣೆಯಿಂದ ಹುಂಜ ಎತ್ತರದ ದನಿಯಲ್ಲಿ ಜವಾಬು ಕೊಟ್ಟಿತು. ಪಿಟೀಲು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು ಮತ್ತೆ ಕಮಾನು ಎಳೆದರು. ಹುಂಜ ಮತ್ತೆ ಕೂಗಿತು. ನಾನು ಮುಸುಕಿನೊಳಗೆ ಕಲ್ಲಾಗಿ ಮಲಗಿದ್ದೆ.

ಬಾವಿಯ ಹತ್ತಿರ ಮೇಷ್ಟ್ರು ನನ್ನ ಹೆಂಡತಿಯನ್ನು ಕೇಳಿದರು: “ಏನಮ್ಮಾ, ಕೋಳಿ ಕೂಗಿದ ಹಾಗಿತ್ತಲ್ಲ?”

ಅವಳು ಅಲ್ಲಿಯವರೆಗೆ ಸುಳ್ಳು ಹೇಳಿದವಳಲ್ಲ. ಅಭ್ಯಾಸವಿಲ್ಲದ್ದರಿಂದ ಹೇಳಿದ ಮೊದಲ ಸುಳ್ಳೇ ಬಹಳ ದೊಡ್ಡದಾಯಿತು. “ಕೋಳಿ ಅಲ್ಲ ಮೇಷ್ಟ್ರೇ, ನಮ್ಮವರು.”

“ನಿಮ್ಮವರೇ?”

“ಹೂಂ. ಹಳ್ಳಿಯಲ್ಲಿ ಕೋಳಿ ಕರೆಯೋಕೆ ಬೇಕಂತೆ. ಆಫೀಸಿನಲ್ಲಿ ಕಲೀಬೇಕು ಅಂದಿದಾರೆ. ನಿಮಗೆ ತೊಂದರೆಯಾಗಬಾರದು ಅಂತ ಸೌದೆ ಕೋಣೆಯಲ್ಲಿ ಕೂತು ಕಲೀತಾರೆ.”

ಮೇಷ್ಟ್ರು ಕೊಡ ಕೆಳಗಿಟ್ಟು ಯೋಚಿಸಿದರಂತೆ. ಆಮೇಲೆ, “ಬೆಳಗಿನ ಸಾಧಕವೇ ಒಳ್ಳೆಯದು. ಬಿಡಬೇಡಿ ಅಂತ ಹೇಳಮ್ಮ” ಎಂದು ಒಳಗೆ ಹೋದರಂತೆ.

ಅವತ್ತಿನಿಂದ ನನ್ನ ಪಾಡು ಕೇಳಬೇಡಿ. ದಿನಾ ಕತ್ತಲು ಹರಿಯುವ ಮೊದಲೇ ಸೌದೆ ಕೋಣೆಗೆ ಹೋಗಿ ಹುಂಜದ ಪಕ್ಕದಲ್ಲಿ ಸಾಧಕ ಮಾಡುವವನ ಹಾಗೆ ಕೂರಬೇಕು. ಅದು ಕೂಗಿ ಮುಗಿಸಿದ ಮೇಲೆ ನಾನು ಗಂಟಲಿಗೆ ಟವೆಲ್ಲು ಸುತ್ತಿಕೊಂಡು, ಕೆಮ್ಮುತ್ತ ಹೊರಗೆ ಬರಬೇಕು. ಮೇಷ್ಟ್ರು ಕಿಟಕಿಯಿಂದ ತಲೆಯಾಡಿಸುತ್ತಿದ್ದರು. ಮೂರನೆಯ ದಿನ ಬಿಸಿ ನೀರಿಗೆ ಜ್ಯೇಷ್ಠಮಧು ಹಾಕಿ ಕುಡಿಯಲು ಹೇಳಿದರು. ಐದನೆಯ ದಿನ, “ಮೇಲಿನ ಸ್ವರದಲ್ಲಿ ನಿಲುಗಡೆ ಬಂದಿದೆ” ಎಂದು ಮೆಚ್ಚಿದರು. ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ಒಳಗೆ ಓಡಿದಳು. ಹೆರಿಗೆ ನೋವೇ ಬಂತೇನೋ ಎಂದು ಗಾಬರಿಯಾಗಿ ಹಿಂದೆ ಹೋದರೆ, ದಿಂಬಿಗೆ ಮುಖ ಒತ್ತಿ ನಗುತ್ತಿದ್ದಳು.

ಎಂಟನೆಯ ದಿನ ಹುಂಜವನ್ನು ಹಳ್ಳಿಗೆ ತಲುಪಿಸಿ, ಕತ್ತಲಾಗುವ ಹೊತ್ತಿಗೆ ಹಗುರಾಗಿ ಮನೆಗೆ ಬಂದೆ. ಜಗಲಿಯ ಮೇಲೆ ಮೇಷ್ಟ್ರು, ಪಕ್ಕದಲ್ಲಿ ಅವರ ಸ್ನೇಹಿತರಾದ ಇಬ್ಬರು ಹಿರಿಯರು. ಮೂವರೂ ಶಾಲು ಹೊದ್ದು, ಕಛೇರಿಗೆ ಕೂತ ಹಾಗೆ ಕೂತಿದ್ದಾರೆ.

“ಬನ್ನಿ” ಎಂದರು ಮೇಷ್ಟ್ರು. “ಇವರಿಗೆ ನಿಮ್ಮ ವಿಷಯ ಹೇಳಿದ್ದೆ. ಕೇಳಬೇಕು ಅಂತ ಬಂದಿದಾರೆ. ಒಂದು ಸಲ ಕೂಗಿ.”

ನಾನು ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದೆ. ಅವಳು ನೆಲ ನೋಡಿದಳು. ನಿಜ ಹೇಳಿದರೆ ಮನೆ ಬಿಡಬೇಕು, ಅವಳಿಗೆ ದಿನ ತುಂಬಿದೆ. ನಾನು ಟೋಪಿ ತೆಗೆದು ಪಕ್ಕಕ್ಕಿಟ್ಟೆ. ಕಣ್ಣು ಮುಚ್ಚಿದೆ. ಅಷ್ಟು ವರ್ಷದಲ್ಲಿ ನಾನು ಹಂಚಿದ ಹುಂಜಗಳನ್ನೆಲ್ಲ ನೆನೆಸಿಕೊಂಡು, ಕತ್ತು ನಿಗುರಿಸಿ ಕೂಗಿದೆ.

ಅದು ಹೇಗಿತ್ತು ಎಂದು ನಾನು ವರ್ಣಿಸಲಾರೆ. ಬೀದಿಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿ ನಿಂತಿತು. ಎದುರು ಮನೆಯವರು ದೀಪ ಹಿಡಿದು ಹೊರಗೆ ಬಂದರು. ಹಿರಿಯರಲ್ಲಿ ಒಬ್ಬರು ಶಾಲಿನಿಂದ ಬಾಯಿ ಮುಚ್ಚಿಕೊಂಡರು.

ಆ ಮನೆಯಲ್ಲಿ ನಾವು ಮುಂದೆ ಐದು ವರ್ಷ ಇದ್ದೆವು. ನಮ್ಮ ಮಗಳು ಅಲ್ಲೇ ಹುಟ್ಟಿ, ಮೇಷ್ಟ್ರ ಹತ್ತಿರವೇ ಸರಿಗಮ ಕಲಿತಳು. ಅವರಿಗೆ ನಿಜ ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಅವತ್ತು ಅವರು ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ನನ್ನ ಕೂಗಿನ ಕೊನೆಯ ಎಳೆ ಗಾಳಿಯಲ್ಲಿ ಕರಗುವ ತನಕ ಕೇಳಿದರು. ಆಮೇಲೆ ನಗದೆ, ಬಹಳ ಗಂಭೀರವಾಗಿ ಹೇಳಿದರು:

“ಪರವಾಗಿಲ್ಲ. ಆದರೆ ನೀವು ಸೌದೆ ಕೋಣೆಯಲ್ಲಿ ಕೂಗುವಾಗ ಶ್ರುತಿ ಇನ್ನೂ ಚೆನ್ನಾಗಿ ಸೇರುತ್ತಿತ್ತು.”